ಕಾರು ಕಂಪನಿಯ ಸರ್ವಿಸ್ ಮಾಹಿತಿ ಜಾಲತಾಣ: ಒಂದು ಗಂಟೆ ಕೊಳ್ಳುವ ಮುನ್ನ ಮತ್ತು ಕೊಂಡ ಮೇಲೆ

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಎಲ್ಲ ಕಂಪನಿಯ ಕಾರುಗಳನ್ನೂ ದುರಸ್ತಿ ಮಾಡುವ ಗ್ಯಾರೇಜು ನಡೆಸುತ್ತಿರುವ ನನಗೆ ಧಾರವಾಡ, ಗದಗ, ಹಾವೇರಿ ಕಡೆಯ ಗೆಳೆಯರು ವಾರಕ್ಕೊಮ್ಮೆಯಾದರೂ ಫೋನು ಮಾಡಿ ಕೇಳುವ ಪ್ರಶ್ನೆ ಒಂದೇ: ಇಂಥ ಗಾಡಿಯ ವೈರಿಂಗ್ ನಕ್ಷೆ ನಿಮ್ಮ ಹತ್ತಿರ ಇದೆಯೇ? ಇದ್ದರೂ ನಾನು ಅದನ್ನು ಕಳಿಸುವುದಿಲ್ಲ. ಕಳಿಸಿದ ನಕ್ಷೆ ಅವರ ಮುಂದೆ ನಿಂತಿರುವ ಗಾಡಿಯದ್ದೇ ಎಂಬ ಖಾತರಿ ನನಗೂ ಇರುವುದಿಲ್ಲ, ಅವರಿಗೂ ಇರುವುದಿಲ್ಲ. ಕಂಪನಿಯು ತನ್ನ ಡೀಲರ್ ವರ್ಕ್‌ಶಾಪಿನ ಮಿಸ್ತ್ರಿಗಳಿಗೆ ಕೊಡುವ ಮಾಹಿತಿಯನ್ನೇ ಹಣ ಪಡೆದು ಹೊರಗಿನ ಗ್ಯಾರೇಜುಗಳಿಗೂ ತೆರೆದಿಡುವ ಜಾಲತಾಣಗಳು ಇವೆ. ಆ ಗಾಡಿಯ ಚಾಸಿ ನಂಬರು ಹಿಡಿದು, ಅಲ್ಲಿಂದ ಬೇಕಾದ ಪುಟವನ್ನು ತಾವೇ ತೆಗೆಯುವುದನ್ನು ಕಲಿತರೆ ಯಾರನ್ನೂ ಕೇಳಬೇಕಾಗಿಲ್ಲ. ಅದನ್ನು ಮಾಡುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸದ ಮುಕ್ಕಾಲು ಪಾಲು ಜಾಲತಾಣವನ್ನು ತೆರೆಯುವ ಮೊದಲೇ ಮುಗಿದಿರಬೇಕು ಎಂಬುದು ನಾನು ಹಣ ಕಳೆದುಕೊಂಡು ಕಲಿತ ಪಾಠ, ಆದ್ದರಿಂದ ಆ ಭಾಗವನ್ನೇ ಹೆಚ್ಚು ವಿವರವಾಗಿ ಹೇಳುತ್ತೇನೆ.

ಈ ಜಾಲತಾಣಗಳಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಮಾಹಿತಿ ಇರುತ್ತದೆ. ಬಿಚ್ಚುವ, ಜೋಡಿಸುವ, ಪರೀಕ್ಷಿಸುವ ಕ್ರಮವನ್ನು ಹೇಳುವ ರಿಪೇರಿ ಪುಸ್ತಕ, ವೈರಿಂಗ್ ನಕ್ಷೆಗಳು, ಮಾಡೆಲ್ ಮಾರುಕಟ್ಟೆಗೆ ಬಂದ ಮೇಲೆ ಕಂಡುಬಂದ ದೋಷಗಳ ಬಗ್ಗೆ ಕಂಪನಿ ಹೊರಡಿಸುವ ಸರ್ವಿಸ್ ಬುಲೆಟಿನ್‌ಗಳು, ಮತ್ತು ಹೊಸ ಮಾಡೆಲಿನ ರಚನೆಯನ್ನು ಮಿಸ್ತ್ರಿಗಳಿಗೆ ಪಾಠದ ರೀತಿಯಲ್ಲಿ ತಿಳಿಸುವ ಕೈಪಿಡಿ. ಫೋಕ್ಸ್‌ವ್ಯಾಗನ್ ಸಮೂಹದ ಜಾಲತಾಣದ ಹೆಸರು ಎರ್‌ವಿನ್, ಸ್ಕೋಡಾಕ್ಕೂ ಅದೇ ಹೆಸರಿನದು ಬೇರೆ ಇದೆ. ಅಮೆರಿಕದಲ್ಲಿ ಟೊಯೊಟಾದ ವ್ಯವಸ್ಥೆಯನ್ನು ಟಿಐಎಸ್ ಎನ್ನುತ್ತಾರೆ, ಅಲ್ಲಿ ಎರಡು ದಿನ, ತಿಂಗಳು, ವರ್ಷ ಎಂಬ ಅವಧಿಗೆ ಚಂದಾ ಕಟ್ಟಬೇಕು. ಯುರೋಪಿನ ಜಾಲತಾಣಗಳಲ್ಲಿ ಒಂದೇ ಒಂದು ಗಂಟೆಯ ಚಂದಾ ಸಿಗುವುದಕ್ಕೆ ಕಾರಣ ಅಲ್ಲಿನ ಕಾನೂನು. ಯುರೋಪಿಯನ್ ಒಕ್ಕೂಟದ 2007ರ 715ನೇ ನಿಯಮವೂ, ದುರಸ್ತಿ ಮಾಹಿತಿಯ ವಿಷಯದಲ್ಲಿ ಅದರ ಜಾಗಕ್ಕೆ ಬಂದು 2020ರ ಸೆಪ್ಟೆಂಬರ್ 1ರಿಂದ ಅನ್ವಯವಾದ 2018ರ 858ನೇ ನಿಯಮವೂ, ಸ್ವತಂತ್ರ ಗ್ಯಾರೇಜುಗಳಿಗೆ ಮಾಹಿತಿಯನ್ನು ಗಂಟೆ, ದಿನ, ತಿಂಗಳು, ವರ್ಷದ ಲೆಕ್ಕದಲ್ಲಿ ನ್ಯಾಯವಾದ ದರಕ್ಕೆ ಕೊಡಬೇಕೆಂದು ವಿಧಿಸಿವೆ. ನಮ್ಮಂಥ ಸಣ್ಣ ಗ್ಯಾರೇಜಿಗೆ ವರ್ಷದ ಚಂದಾ ಭಾರವಾಗುತ್ತದೆ, ಒಂದು ಗಂಟೆಯದು ಕೈಗೆಟಕುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಸಮನಾದ ವ್ಯವಸ್ಥೆ ಇನ್ನೂ ಏಕರೂಪವಾಗಿ ಬಂದಿಲ್ಲ. ಆದರೆ ಹಕ್ಕಿನ ಬುನಾದಿ ಬಿದ್ದಿದೆ. ಶಂಶೇರ್ ಕಟಾರಿಯಾ ಎಂಬುವರು 2011ರಲ್ಲಿ ಕೊಟ್ಟ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳನ್ನೂ ಪರೀಕ್ಷಾ ಸಾಧನಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆಯಬಾರದು, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದಾಗುತ್ತದೆಂಬ ಷರತ್ತು ಹಾಕಬಾರದು ಎಂದು ಆ ಆದೇಶ ಹೇಳಿತು. ಕಂಪನಿಗಳು ಮೇಲ್ಮನವಿ ಹೋದವು, ಆ ವ್ಯಾಜ್ಯದ ಕಥೆ ಬೇರೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಡಿಸೆಂಬರ್ 24ರಂದು ರೈಟ್ ಟು ರಿಪೇರ್ (ದುರಸ್ತಿಯ ಹಕ್ಕು) ಪೋರ್ಟಲ್ ಆರಂಭಿಸಿತು, ಅದರ ನಾಲ್ಕು ವಿಭಾಗಗಳಲ್ಲಿ ವಾಹನಗಳದ್ದೂ ಒಂದು. ನಿಮ್ಮ ಗಿರಾಕಿಯ ಗಾಡಿಯ ಕಂಪನಿ ಯಾವುದೇ ಇರಲಿ, ಮೊದಲು ಆ ಪೋರ್ಟಲಿನಲ್ಲಿ ನೋಡಿ, ಆಮೇಲೆ ಕಂಪನಿಯ ಸ್ವಂತ ಜಾಲತಾಣದಲ್ಲಿ ನೋಡಿ. ಎರಡೂ ಕಡೆ ಸಿಗದಿದ್ದರೆ ಗ್ಯಾರೇಜಿನ ಹೆಸರು, ಜಿಎಸ್‌ಟಿ ನಂಬರು, ಬೇಕಾದ ಮಾಡೆಲ್ ಇವಿಷ್ಟನ್ನು ಬರೆದು ಕಂಪನಿಗೆ ಇಮೇಲ್ ಕಳಿಸಿ, ಉತ್ತರವನ್ನೂ ಬರಹದಲ್ಲಿಯೇ ಪಡೆಯಿರಿ. ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಬಂದ ಉತ್ತರ ನಾಳೆಗೆ ಉಳಿಯುವುದಿಲ್ಲ.

ಇನ್ನು ತಯಾರಿಗೆ ಬರೋಣ. ಮೊದಲ ಕೆಲಸ ಚಾಸಿ ನಂಬರನ್ನು ಸರಿಯಾಗಿ ಬರೆದುಕೊಳ್ಳುವುದು. ಅದರಲ್ಲಿ ಅಕ್ಷರ, ಅಂಕಿ ಎಲ್ಲ ಸೇರಿ ಒಟ್ಟು ಹದಿನೇಳು ಇರುತ್ತವೆ, ಒಂದು ತಪ್ಪಿದರೂ ಜಾಲತಾಣ ಗಾಡಿಯನ್ನು ಗುರುತಿಸುವುದಿಲ್ಲ ಅಥವಾ, ಇದಕ್ಕಿಂತ ಕೆಟ್ಟದ್ದೆಂದರೆ, ಬೇರೆ ಗಾಡಿಯನ್ನು ತೋರಿಸುತ್ತದೆ. ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರಗಳನ್ನು ಚಾಸಿ ನಂಬರಿನಲ್ಲಿ ಬಳಸುವುದೇ ಇಲ್ಲ, ಅವು ಒಂದು ಮತ್ತು ಸೊನ್ನೆಯಂತೆ ಕಾಣುತ್ತವೆಂಬುದೇ ಅದಕ್ಕೆ ಕಾರಣ. ಆದ್ದರಿಂದ ಆರ್‌ಸಿ ಕಾರ್ಡಿನ ಮಸುಕಾದ ಅಚ್ಚಿನಲ್ಲಿ ಓ ಎಂದು ಕಂಡರೆ ಅದು ಸೊನ್ನೆಯೇ, ಐ ಎಂದು ಕಂಡರೆ ಅದು ಒಂದೇ. ಆರ್‌ಸಿಯನ್ನು ಮಾತ್ರ ನಂಬದೆ ಗಾಡಿಯ ಮೇಲೆ ಕೊರೆದಿರುವ ನಂಬರಿನ ಜೊತೆ ತಾಳೆ ನೋಡಬೇಕು. ಅದು ಕೆಲವು ಗಾಡಿಗಳಲ್ಲಿ ಇಂಜಿನ್ನಿನ ಹಿಂದಿನ ತಗಡಿನ ಗೋಡೆಯ ಮೇಲೆ, ಕೆಲವುಗಳಲ್ಲಿ ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ಟಿನ ಸೀಳು ಎತ್ತಿದರೆ ಸಿಗುತ್ತದೆ. ನಾನು ಮೊಬೈಲಿನಲ್ಲಿ ಫೋಟೋ ತೆಗೆದು, ಹುಡುಗನಿಂದ ಒಂದೊಂದೇ ಅಕ್ಷರ ಓದಿಸಿ, ನಾನು ಬರೆದುಕೊಳ್ಳುತ್ತೇನೆ. ಎರಡು ನಿಮಿಷದ ಕೆಲಸ ಅದು.

ಮೊದಲ ಮೂರು ಅಕ್ಷರಗಳು ತಯಾರಕರನ್ನು ಹೇಳುತ್ತವೆ. ಎಂಎ3 ಎಂದರೆ ಮಾರುತಿ ಸುಜುಕಿ, ಎಂಎಎಲ್ ಎಂದರೆ ಹುಂಡೈ, ಎಂಎಟಿ ಎಂದರೆ ಟಾಟಾ, ಎಂಬಿಜೆ ಎಂದರೆ ಟೊಯೊಟಾ ಕಿರ್ಲೋಸ್ಕರ್. ಹತ್ತನೆಯ ಅಕ್ಷರ ಸಾಮಾನ್ಯವಾಗಿ ವರ್ಷವನ್ನು ಸೂಚಿಸುತ್ತದೆ, 2019ಕ್ಕೆ ಕೆ, 2020ಕ್ಕೆ ಎಲ್, 2021ಕ್ಕೆ ಎಂ. ಈ ವರ್ಷದ ವಿಷಯದಲ್ಲಿ ನಮ್ಮವರು ಹೆಚ್ಚು ಎಡವುತ್ತಾರೆ. ಗಿರಾಕಿಯು ‘2020ರ ಗಾಡಿ’ ಎಂದು ಹೇಳುವುದು ನೋಂದಣಿಯಾದ ವರ್ಷವನ್ನು, ಆದರೆ ಗಾಡಿ ತಯಾರಾದದ್ದು 2019ರಲ್ಲಿ ಇರಬಹುದು. 2020ರ ಏಪ್ರಿಲ್ 1ರಿಂದ ಬಿಎಸ್6 ಎಂಬ ಹೊಗೆ ಮಾಲಿನ್ಯದ ಮಿತಿ ಕಡ್ಡಾಯವಾದದ್ದರಿಂದ, ಒಂದೇ ಹೆಸರಿನ, ನೋಡಲು ಒಂದೇ ತೆರನಾದ ಎರಡು ಕಾರುಗಳಲ್ಲಿ ಒಂದು ಬಿಎಸ್4 ಇನ್ನೊಂದು ಬಿಎಸ್6 ಆಗಿದ್ದು, ಅವುಗಳ ಇಸಿಎಂ (ಇಂಜಿನ್ನನ್ನು ನಡೆಸುವ ಕಂಪ್ಯೂಟರು), ಸೈಲೆನ್ಸರಿನ ಕಡೆಯ ಸೆನ್ಸರುಗಳು, ವೈರಿಂಗ್ ಎಲ್ಲವೂ ಬೇರೆಬೇರೆಯಾಗಿರುವುದು ಸಾಮಾನ್ಯ. ಆದ್ದರಿಂದ ಆರ್‌ಸಿಯಿಂದ ತಯಾರಾದ ತಿಂಗಳು, ವರ್ಷ, ಇಂಜಿನ್ ನಂಬರುಗಳನ್ನೂ, ಗಾಡಿಯ ಮೇಲಿನ ಪಟ್ಟಿಯಿಂದ ಇಂಜಿನ್ ಮತ್ತು ಗೇರ್‌ಬಾಕ್ಸಿನ ಕೋಡುಗಳನ್ನೂ ಚಾಸಿ ನಂಬರಿನ ಕೆಳಗೆ ಬರೆದಿಟ್ಟುಕೊಳ್ಳಿ.

ಎರಡನೆಯದು ಸ್ಕ್ಯಾನರ್, ಅಂದರೆ ಗಾಡಿಯ ಕಂಪ್ಯೂಟರಿನಿಂದ ದೋಷವನ್ನು ಓದುವ ಸಾಧನ, ತೋರಿಸಿದ ಕೋಡು. ಕೋಡನ್ನು ಅಳಿಸಿ ಮತ್ತೆ ಬರುತ್ತದೆಯೇ ನೋಡೋಣ ಎಂಬ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಅಳಿಸಿದರೆ ಕೋಡಿನ ಜೊತೆ ಇಸಿಎಂ ನೆನಪಿಟ್ಟುಕೊಂಡಿರುವ ಆ ಕ್ಷಣದ ಮಾಹಿತಿ, ಅಂದರೆ ಇಂಜಿನ್ನಿನ ವೇಗ, ಬಿಸಿ, ಲೋಡು, ಎಲ್ಲವೂ ಹೋಗುತ್ತದೆ. ಕಂಪನಿಯ ಪುಸ್ತಕದ ಪರೀಕ್ಷಾ ಕ್ರಮಗಳು ಹಲವು ಬಾರಿ ಆ ಮಾಹಿತಿಯನ್ನು ಕೇಳಿಯೇ ಮುಂದುವರಿಯುತ್ತವೆ. ಆದ್ದರಿಂದ ಮೊದಲು ಅದನ್ನು ಬರೆದುಕೊಳ್ಳಿ ಅಥವಾ ಸ್ಕ್ಯಾನರಿನ ಪರದೆಯ ಫೋಟೋ ತೆಗೆಯಿರಿ.

ಮೂರನೆಯದನ್ನು ಯಾರೂ ಮಾಡುವುದಿಲ್ಲ, ಆದರೆ ನನ್ನ ಅನುಭವದಲ್ಲಿ ಹಣ ಉಳಿಸುವುದು ಅದೇ: ಜಾಲತಾಣದಲ್ಲಿ ನನಗೆ ಏನು ಬೇಕು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳಾಗಿ ಬರೆಯುವುದು. ‘ವೈರಿಂಗ್ ಬೇಕು’ ಎಂದು ಬರೆದರೆ ಅದು ಪ್ರಶ್ನೆಯಲ್ಲ. ಪಿ0335 ಕೋಡು ಬಂದಿದೆ, ಇದು ಕ್ರ್ಯಾಂಕ್ ಸೆನ್ಸರಿನ ಸರ್ಕಿಟ್. ಸೆನ್ಸರಿನಿಂದ ಇಸಿಎಂಗೆ ಹೋಗುವ ವೈರುಗಳ ಬಣ್ಣ ಯಾವುದು, ಇಸಿಎಂನ ಯಾವ ಕಪ್ಲರಿನ (ವೈರುಗಳನ್ನು ಕೂಡಿಸುವ ಪ್ಲಗ್ಗಿನ) ಎಷ್ಟನೇ ಪಿನ್ನಿಗೆ ಸೇರುತ್ತವೆ, ನಡುವೆ ಜೋಡಣೆ ಎಲ್ಲಿದೆ, ಸೆನ್ಸರಿನ ರೋಧ ಎಷ್ಟು ಓಮ್ಸ್ ಇರಬೇಕು, ಅದನ್ನು ಹಿಡಿದಿರುವ ಬೋಲ್ಟಿನ ಟಾರ್ಕ್, ಅಂದರೆ ಬಿಗಿ, ಎಷ್ಟು ಎಂದು ಬರೆದರೆ ಅವು ಪ್ರಶ್ನೆಗಳು. ಇಂಥ ಆರೇಳು ಪ್ರಶ್ನೆ ಬರೆದುಕೊಂಡು ಕುಳಿತವನಿಗೆ ಒಂದು ಗಂಟೆಯಲ್ಲಿ ಇಪ್ಪತ್ತು ನಿಮಿಷ ಉಳಿಯುತ್ತದೆ.

ಹಣ ಕಟ್ಟುವ ಮೊದಲು ಪುಕ್ಕಟೆಯಾಗಿ ನೋಡಬಹುದಾದದ್ದನ್ನು ನೋಡಿಬಿಡಬೇಕು. ನಮ್ಮ ದೇಶದ ಕಾರು ತಯಾರಕರ ಸಂಘವು 2012ರ ಜುಲೈನಿಂದ ಸ್ವಯಂಪ್ರೇರಿತ ರೀಕಾಲ್ (ದೋಷವಿರುವ ಗಾಡಿಗಳನ್ನು ಕಂಪನಿಯೇ ವಾಪಸು ಕರೆಸಿ ಸರಿಪಡಿಸುವುದು) ಸಂಹಿತೆಯನ್ನು ಜಾರಿಗೆ ತಂದಿತು, 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಆದ ತಿದ್ದುಪಡಿಯು ಸರ್ಕಾರಕ್ಕೂ ರೀಕಾಲ್ ಆದೇಶಿಸುವ ಅಧಿಕಾರ ಕೊಟ್ಟಿತು. ಹಲವು ಕಂಪನಿಗಳ ಜಾಲತಾಣದಲ್ಲಿ ಚಾಸಿ ನಂಬರು ಹಾಕಿದರೆ ಆ ಗಾಡಿ ರೀಕಾಲ್ ಪಟ್ಟಿಯಲ್ಲಿದೆಯೇ ಎಂದು ತಿಳಿಯುತ್ತದೆ. ಇದ್ದರೆ ಆ ಭಾಗವನ್ನು ಕಂಪನಿಯೇ ಹಣ ಪಡೆಯದೆ ಬದಲಿಸಿಕೊಡುತ್ತದೆ. ಅಂಥ ಸಂದರ್ಭದಲ್ಲಿ ಗಿರಾಕಿಗೆ ನೇರವಾಗಿ ಹೇಳಿ ಡೀಲರಿನ ಕಡೆ ಕಳಿಸಬೇಕು. ಒಂದು ಕೆಲಸ ಕೈತಪ್ಪುತ್ತದೆ ನಿಜ, ಆದರೆ ಆ ಗಿರಾಕಿ ಮುಂದೆ ನಮ್ಮನ್ನು ಬಿಡುವುದಿಲ್ಲ.

ಹಣ ಪಾವತಿಯ ವಿಷಯವನ್ನೂ ಹಿಂದಿನ ದಿನವೇ ಸರಿಪಡಿಸಿಕೊಂಡಿರಬೇಕು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ 2020ರಿಂದ ಹೊಸ ಕಾರ್ಡುಗಳು ವಿದೇಶಿ ಪಾವತಿಗೆ ತಾವಾಗಿಯೇ ತೆರೆದಿರುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಮತ್ತು ಆನ್‌ಲೈನ್ ಬಳಕೆ ಎರಡನ್ನೂ ನಾವೇ ಚಾಲೂ ಮಾಡಿ, ಮಿತಿಯನ್ನೂ ನಿಗದಿ ಮಾಡಬೇಕು. ಕೆಲಸ ಮುಗಿದ ಮೇಲೆ ಮತ್ತೆ ಬಂದ್ ಮಾಡುವುದು ಒಳ್ಳೆಯದು. ತೋರಿಸಿದ ಬೆಲೆಯ ಮೇಲೆ ಬ್ಯಾಂಕು ವಿದೇಶಿ ವಿನಿಮಯದ ಶುಲ್ಕವನ್ನೂ ಸೇರಿಸುತ್ತದೆ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಕೆಲವು ಜಾಲತಾಣಗಳು ಹೊಸ ಖಾತೆಯನ್ನು ತಾವು ಪರಿಶೀಲಿಸಿದ ಮೇಲೆಯೇ ತೆರೆಯುತ್ತವೆ, ಆದ್ದರಿಂದ ಗಾಡಿ ಲಿಫ್ಟಿನ ಮೇಲೆ ಏರಿದ ಮೇಲೆ ನೋಂದಣಿ ಮಾಡಲು ಹೊರಟರೆ ದಿನವೇ ಹೋಗುತ್ತದೆ. ಜರ್ಮನಿಯ ಸಮಯ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ ಇರುವುದರಿಂದ, ಅಲ್ಲಿನ ಸಹಾಯವಾಣಿಗೆ ಬರೆದ ಪತ್ರಕ್ಕೆ ನಮ್ಮಲ್ಲಿ ಊಟದ ಹೊತ್ತು ದಾಟುವವರೆಗೆ ಉತ್ತರ ನಿರೀಕ್ಷಿಸುವಂತಿಲ್ಲ.

ಮೊಬೈಲಿನಲ್ಲಿ ಈ ಕೆಲಸ ಆಗುವುದಿಲ್ಲ. ವೈರಿಂಗ್ ನಕ್ಷೆಗಳು ದೊಡ್ಡವು, ಕೆಲವು ಹೊಸ ಕಿಟಕಿಯಲ್ಲಿ ತೆರೆದುಕೊಳ್ಳುತ್ತವೆ, ಬ್ರೌಸರ್ ಪಾಪ್-ಅಪ್‌ಗಳನ್ನು ತಡೆಹಿಡಿದಿದ್ದರೆ ಏನೂ ತೆರೆಯದೆ ಖಾಲಿ ಪರದೆ ಕಾಣುತ್ತದೆ. ಆ ಜಾಲತಾಣಕ್ಕೆ ಮಾತ್ರ ಪಾಪ್-ಅಪ್ ಅನುಮತಿಯನ್ನು ಮೊದಲೇ ಕೊಟ್ಟಿರಿ. ಹಳೆಯ ಕೆಲವು ಜಾಲತಾಣಗಳನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗಾಗಿಯೇ ಕಟ್ಟಿದ್ದರು, ಮೈಕ್ರೋಸಾಫ್ಟ್ 2022ರ ಜೂನ್ 15ರಂದು ಅದನ್ನು ನಿಲ್ಲಿಸಿತು, ಆದರೆ ಎಡ್ಜ್ ಬ್ರೌಸರಿನ ಒಳಗೆ ಅದರ ಮೋಡ್ ಉಳಿದಿದೆ. ಬಹುತೇಕ ಜಾಲತಾಣಗಳಲ್ಲಿ ಹಣ ಕಟ್ಟದೆಯೇ ನೋಡಬಹುದಾದ ಪುಟಗಳು ಕೆಲವಾದರೂ ಇರುತ್ತವೆ, ನಿಮ್ಮ ಕಂಪ್ಯೂಟರಿನಲ್ಲಿ ಅವು ಸರಿಯಾಗಿ ತೆರೆಯುತ್ತವೆಯೇ ಎಂದು ಮೊದಲು ಪರೀಕ್ಷಿಸಿ.

ನಾನು ಮೊಟ್ಟಮೊದಲು ಒಂದು ಗಂಟೆಯ ಚಂದಾ ಕಟ್ಟಿದ್ದು ಒಂದು ಬೇಸಿಗೆಯ ಮಧ್ಯಾಹ್ನ. ಕಟ್ಟಿ ಹತ್ತು ನಿಮಿಷವಾಗಿರಲಿಲ್ಲ, ಕರೆಂಟು ಹೋಯಿತು. ಲ್ಯಾಪ್‌ಟಾಪಿನಲ್ಲಿ ಬ್ಯಾಟರಿ ಇತ್ತು, ಆದರೆ ಇಂಟರ್ನೆಟ್ಟಿನ ರೂಟರ್ ಆರಿಹೋಯಿತು. ಮೊಬೈಲಿನ ಹಾಟ್‌ಸ್ಪಾಟಿಗೆ ಜೋಡಿಸಿ ಮತ್ತೆ ಒಳಹೊಕ್ಕರೆ ಹಿಂದಿನ ಲಾಗಿನ್ ಇನ್ನೂ ಚಾಲ್ತಿಯಲ್ಲಿದೆ, ಎರಡನೇ ಬಾರಿ ಬಿಡುವುದಿಲ್ಲ ಎಂದು ಬಂತು. ಅದು ತಾನಾಗಿ ಬಿಡುವ ಹೊತ್ತಿಗೆ ನನ್ನ ಗಂಟೆಯಲ್ಲಿ ಹದಿನೈದು ನಿಮಿಷ ಮಾತ್ರ ಉಳಿದಿತ್ತು, ಆ ಅವಸರದಲ್ಲಿ ಎಡಗಡೆ ಸ್ಟೇರಿಂಗಿನ ಗಾಡಿಯ ನಕ್ಷೆಯನ್ನು ಇಳಿಸಿಕೊಂಡೆ. ಅಂದಿನಿಂದ ರೂಟರನ್ನು ಇನ್ವರ್ಟರಿನ ಸಾಲಿಗೆ ಹಾಕಿಸಿದ್ದೇನೆ, ಹಣ ಕಟ್ಟುವ ಮೊದಲು ಹಾಟ್‌ಸ್ಪಾಟಿನಲ್ಲಿಯೇ ಜೋಡಿಸಿಕೊಳ್ಳುತ್ತೇನೆ, ಕೆಲಸ ಮುಗಿದಾಗ ಕಿಟಕಿ ಮುಚ್ಚುವುದಷ್ಟೇ ಅಲ್ಲದೆ ತಪ್ಪದೆ ಲಾಗ್‌ಔಟ್ ಒತ್ತುತ್ತೇನೆ.

ಒಳಗೆ ಹೋದ ಮೇಲೆ, ಹಣ ಕಟ್ಟುವ ಮೊದಲು, ಚಾಸಿ ನಂಬರು ಹಾಕಿ ನೋಡಿ. ಭಾರತದಲ್ಲಿ ತಯಾರಾದ ಗಾಡಿಯ ನಂಬರನ್ನು ಯುರೋಪಿನ ಅಥವಾ ಅಮೆರಿಕದ ಜಾಲತಾಣ ಒಪ್ಪದೆ ಇರಬಹುದು. ಆಗ ಮಾಡೆಲ್ ಹೆಸರಿನಿಂದ ಹುಡುಕಬೇಕಾಗುತ್ತದೆ. ಹೆಸರು ಒಂದೇ ಎಂದು ಅಲ್ಲಿಯೇ ನಿಲ್ಲದೆ ಇಂಜಿನ್ ಕೋಡು ಹೊಂದುತ್ತದೆಯೇ, ಗೇರ್‌ಬಾಕ್ಸ್ ಹೊಂದುತ್ತದೆಯೇ, ಸ್ಟೇರಿಂಗ್ ಬಲಗಡೆಯದೇ ಎಂದು ನೋಡಿಯೇ ಮುಂದುವರಿಯಿರಿ. ಎಡಗಡೆ ಸ್ಟೇರಿಂಗಿನ ನಕ್ಷೆಯಲ್ಲಿ ಫ್ಯೂಸ್ ಡಬ್ಬಿ, ಬ್ರೇಕ್ ಬೂಸ್ಟರ್, ಕಾರಿನ ಒಳಗಿನ ಕಪ್ಲರುಗಳ ಜಾಗಗಳು ಬೇರೆಯಾಗಿರುತ್ತವೆ. ಇಂಜಿನ್ನೇ ಹೊಂದದಿದ್ದರೆ ಹಣ ಕಟ್ಟಬೇಡಿ. ನಮ್ಮ ಮಾರುಕಟ್ಟೆಗಷ್ಟೇ ಮಾಡಿದ ಡೀಸೆಲ್ ಇಂಜಿನ್ನಿನ ಮಾಹಿತಿ ಅಮೆರಿಕದ ಜಾಲತಾಣದಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಗಾಡಿ ಗುರುತಾದ ಮೇಲೆ ನಾನು ಮೊದಲು ತೆರೆಯುವುದು ಬುಲೆಟಿನ್‌ಗಳನ್ನು. ಅದೇ ತೊಂದರೆ ನೂರಾರು ಗಾಡಿಗಳಲ್ಲಿ ಬಂದಿದ್ದರೆ ಕಂಪನಿ ಅದನ್ನು ಪತ್ತೆಹಚ್ಚಿ, ಕಾರಣ, ಬದಲಿಸಬೇಕಾದ ಭಾಗ, ಹಾಕಬೇಕಾದ ಹೊಸ ಸಾಫ್ಟ್‌ವೇರ್ ಎಲ್ಲವನ್ನೂ ಎರಡು ಪುಟಗಳಲ್ಲಿ ಬರೆದಿಟ್ಟಿರುತ್ತದೆ. ಸಿಗದಿದ್ದರೆ ಕೋಡಿನ ಪುಟ. ಆ ಪುಟದಲ್ಲಿ ಕೋಡು ಯಾವ ಸ್ಥಿತಿಯಲ್ಲಿ ಬರುತ್ತದೆ ಎಂಬ ಸಣ್ಣ ಕೋಷ್ಟಕ ಇರುತ್ತದೆ. ಅವಸರದವರು ಅದನ್ನು ದಾಟಿ ‘ಅನುಮಾನದ ಜಾಗಗಳು’ ಎಂಬ ಪಟ್ಟಿಗೆ ಹೋಗಿ ಮೊದಲ ಹೆಸರಿನ ಭಾಗವನ್ನು ತರಿಸುತ್ತಾರೆ. ಹಾಗೆ ಮಾಡಬೇಡಿ. ಪರೀಕ್ಷೆಯ ಹಂತಗಳನ್ನು ಕ್ರಮವಾಗಿಯೇ ಮಾಡಬೇಕು, ಏಕೆಂದರೆ ಮೂರನೇ ಹಂತದ ಅಳತೆಯ ಅರ್ಥವು ಎರಡನೇ ಹಂತ ಸರಿಯಿದೆ ಎಂಬುದರ ಮೇಲೆ ನಿಂತಿರುತ್ತದೆ.

ವೈರಿಂಗ್ ನಕ್ಷೆಯನ್ನು ಓದುವುದಕ್ಕೆ ಆ ಕಂಪನಿಯ ಗುರುತುಗಳನ್ನು ತಿಳಿದಿರಬೇಕು. ಟೊಯೊಟಾ ನಕ್ಷೆಯಲ್ಲಿ ಬಿ ಎಂದರೆ ಕಪ್ಪು, ನೀಲಿಗೆ ಎಲ್. ಮೊದಲ ಅಕ್ಷರ ವೈರಿನ ಮೂಲ ಬಣ್ಣ, ಗೆರೆಯ ನಂತರದ ಅಕ್ಷರ ಅದರ ಮೇಲಿನ ಪಟ್ಟೆಯ ಬಣ್ಣ. ಫೋಕ್ಸ್‌ವ್ಯಾಗನ್, ಸ್ಕೋಡಾ ನಕ್ಷೆಗಳಲ್ಲಿ ಜರ್ಮನ್ ಹೆಸರುಗಳ ಮೊಟಕು ರೂಪ ಇರುತ್ತದೆ, ಎಸ್‌ಡಬ್ಲ್ಯು ಎಂದರೆ ಕಪ್ಪು, ಡಬ್ಲ್ಯುಎಸ್ ಎಂದರೆ ಬಿಳಿ, ಜಿಇ ಎಂದರೆ ಹಳದಿ. ಅವುಗಳಲ್ಲಿಯೇ 30 ಎಂದು ಬರೆದಿರುವುದು ಬ್ಯಾಟರಿಯಿಂದ ನೇರವಾಗಿ ಬರುವ ಕರೆಂಟು, 15 ಎಂದರೆ ಚಾವಿ ತಿರುವಿದಾಗ ಬರುವುದು, 31 ಎಂದರೆ ಅರ್ಥ್ (ಬ್ಯಾಟರಿಯ ನೆಗೆಟಿವ್ ಕಡೆ), 50 ಎಂದರೆ ಸ್ಟಾರ್ಟರಿಗೆ ಹೋಗುವುದು. ಇನ್ನೊಂದು ಮುಖ್ಯವಾದ ಮಾತು, ಕಪ್ಲರಿನ ಚಿತ್ರವನ್ನು ಪಿನ್ನಿನ ಕಡೆಯಿಂದ ಬರೆದಿದ್ದಾರೆಯೋ ವೈರಿನ ಕಡೆಯಿಂದ ಬರೆದಿದ್ದಾರೆಯೋ ಎಂದು ನೋಡಲೇಬೇಕು. ಕನ್ನಡಿಯಲ್ಲಿ ನೋಡಿದಂತೆ ಎಡಬಲ ಅದಲುಬದಲಾಗಿ, ಮೀಟರಿನ ಮುಳ್ಳನ್ನು ತಪ್ಪು ಪಿನ್ನಿಗೆ ಚುಚ್ಚಿ, ಸರಿಯಾಗಿರುವ ಇಸಿಎಂ ಹಾಳಾಗಿದೆ ಎಂದು ತೀರ್ಮಾನಿಸಿದವರನ್ನು ನಾನು ನೋಡಿದ್ದೇನೆ.

ಹೀಗೆ ನಕ್ಷೆ ಹಿಡಿದು ಮಾಡಿದ ಒಂದು ಕೆಲಸವನ್ನು ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಗದಗಿನಿಂದ ಒಂದು ಡೀಸೆಲ್ ಕಾರು ಬಂತು. ‘ಒಮ್ಮೊಮ್ಮೆ ಚಾಲೂನ ಆಗವಲ್ದರೀ ಸರ, ಮಳಿ ಬಂದ ಮ್ಯಾಲಂತೂ ಕೇಳಬ್ಯಾಡ್ರಿ’ ಎಂದರು ಅದರ ಮಾಲೀಕರು. ಅದಾಗಲೇ ಬೇರೊಂದು ಕಡೆ ಬ್ಯಾಟರಿ, ಸ್ಟಾರ್ಟರ್ ಎರಡನ್ನೂ ಬದಲಿಸಿ, ಇಸಿಎಂ ಹೋಗಿದೆ ಎಂದು ಹೇಳಿ ಕಳಿಸಿದ್ದರು. ಸ್ಕ್ಯಾನರಿನಲ್ಲಿ ಯು0100 ಬಂದಿತ್ತು, ಅಂದರೆ ಇಂಜಿನ್ ಇಸಿಎಂ ಜೊತೆ ಉಳಿದ ಮಾಡ್ಯೂಲುಗಳ (ಗಾಡಿಯ ಬೇರೆ ಸಣ್ಣ ಕಂಪ್ಯೂಟರುಗಳ) ಮಾತುಕತೆ ನಿಂತಿದೆ. ಆ ಮಾತುಕತೆ ನಡೆಯುವುದು ಒಂದಕ್ಕೊಂದು ಹೊಸೆದ ಎರಡು ಕ್ಯಾನ್ ವೈರುಗಳಲ್ಲಿ. ಸ್ಟೇರಿಂಗ್ ಕೆಳಗಿನ ಹದಿನಾರು ಪಿನ್ನಿನ ಓಬಿಡಿ ಸಾಕೆಟ್ಟಿನ, ಅಂದರೆ ಸ್ಕ್ಯಾನರ್ ಹಚ್ಚುವ ಸಾಕೆಟ್ಟಿನ, 6 ಮತ್ತು 14ನೇ ಪಿನ್ನುಗಳಿಗೆ ಅವು ಬರುತ್ತವೆ. ಸಾಲಿನ ಎರಡು ತುದಿಗಳಲ್ಲಿ 120 ಓಮ್ಸ್‌ನ ಒಂದೊಂದು ರೆಸಿಸ್ಟರ್ ಇರುವುದರಿಂದ, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಆ ಎರಡು ಪಿನ್ನುಗಳ ನಡುವೆ ಅಳೆದರೆ ಸುಮಾರು 60 ಓಮ್ಸ್ ಬರಬೇಕು. ನಮಗೆ ಬಂದದ್ದು 120. ಒಂದು ತುದಿ ಕಡಿದುಹೋಗಿದೆ ಎಂದು ಆಗಲೇ ಗೊತ್ತಾಯಿತು. ಎಲ್ಲಿ ಕಡಿದಿದೆ ಎಂಬುದನ್ನು ಮಾತ್ರ ಮೀಟರು ಹೇಳುವುದಿಲ್ಲ.

ಒಂದು ಗಂಟೆಯ ಚಂದಾ ಕಟ್ಟಿ ಎರಡೇ ಪುಟ ತೆಗೆದೆ, ಕ್ಯಾನ್ ಸಾಲಿನ ನಕ್ಷೆ ಮತ್ತು ಕಪ್ಲರುಗಳ ಜಾಗ ತೋರಿಸುವ ಚಿತ್ರ. ಆ ಗಾಡಿಯಲ್ಲಿ ಒಂದು ರೆಸಿಸ್ಟರ್ ಮೀಟರ್ ಬೋರ್ಡಿನಲ್ಲಿ, ಇನ್ನೊಂದು ಇಂಜಿನ್ ಇಸಿಎಂ ಒಳಗೆ ಇತ್ತು. ಇಸಿಎಂ ಕಡೆಗೆ ಹೋಗುವ ಎರಡು ವೈರುಗಳು ದಾರಿಯಲ್ಲಿ ಎಡಗಡೆ ಸೀಟಿನ ಮುಂದೆ, ಕಾಲಿಡುವ ಜಾಗದ ಬದಿಯ ಪ್ಯಾನೆಲ್ಲಿನ ಹಿಂದೆ, ಒಂದು ಜೋಡಣೆಯ ಕಪ್ಲರಿನಲ್ಲಿ ಸೇರುತ್ತಿದ್ದವು. ಪ್ಯಾನೆಲ್ ಬಿಚ್ಚಿದಾಗ ಕಾರ್ಪೆಟ್ಟಿನ ಅಡಿಯ ಫೋಮು ಒದ್ದೆಯಾಗಿ ಮುಗ್ಗಲು ವಾಸನೆ ಬಂತು. ಕಪ್ಲರನ್ನು ಎಳೆದರೆ ಒಳಗಿನ ಎರಡು ಪಿನ್ನುಗಳ ಮೇಲೆ ಹಸಿರು ಕಿಲುಬು ಹರಳುಗಟ್ಟಿತ್ತು, ಒಂದು ಪಿನ್ನು ಬೆರಳು ತಾಗಿದೊಡನೆ ಮುರಿದುಬಿತ್ತು. ಮುಂದಿನ ಗಾಜಿನ ಕೆಳಗೆ ಮಳೆ ನೀರು ಹೊರಗೆ ಹೋಗುವ ತೂತು ಎಲೆ, ಕಸದಿಂದ ಕಟ್ಟಿಕೊಂಡು ನೀರು ಒಳಗೆ ಇಳಿಯುತ್ತಿತ್ತು. ತೂತು ಸ್ವಚ್ಛ ಮಾಡಿ, ಹೊಸ ಕಪ್ಲರ್ ಹಾಕಿ, ವೈರುಗಳ ಹೊಸೆತ ಬಿಚ್ಚಿಹೋಗದಂತೆ ಜೋಡಿಸಿ ಅಳೆದಾಗ 60 ಬಂತು. ಇಸಿಎಂ ತರಿಸಿದ್ದರೆ ಆ ಮಾಲೀಕರಿಗೆ ಹತ್ತಾರು ಸಾವಿರ ರೂಪಾಯಿ ಬೀಳುತ್ತಿತ್ತು, ತೊಂದರೆ ಹಾಗೆಯೇ ಉಳಿಯುತ್ತಿತ್ತು. ಹಾವೇರಿ ಕಡೆಯಿಂದ ಮೆಕ್ಕೆಜೋಳದ ಸುಗ್ಗಿಯ ಹೊತ್ತಿಗೆ ಬರುವ, ಇಲಿ ಕಡಿದ ವೈರಿಂಗಿನ ಗಾಡಿಗಳಿಗೂ ಇದೇ ದಾರಿ: ಯಾವ ಬಣ್ಣದ ವೈರು ಯಾವ ಪಿನ್ನಿಗೆ ಎಂಬುದು ನಕ್ಷೆಯಲ್ಲಿದ್ದರೆ ಅಂದಾಜಿನ ಮೇಲೆ ಗಂಟು ಹಾಕುವ ಪ್ರಸಂಗವೇ ಬರುವುದಿಲ್ಲ.

ಬಿಚ್ಚಿ ಜೋಡಿಸುವ ಪುಟಗಳಲ್ಲಿ ಟಾರ್ಕಿನ ಅಂಕಿಯನ್ನು ಓದುವಾಗ ಬಹಳ ಎಚ್ಚರ ಬೇಕು. ಟೊಯೊಟಾದ ಹಲವು ಕಾರುಗಳ ಚಕ್ರದ ನಟ್ಟಿಗೆ ಪುಸ್ತಕದಲ್ಲಿ 103 ನ್ಯೂಟನ್ ಮೀಟರ್, 1050 ಕೆಜಿ ಸೆಂಟಿಮೀಟರ್, 76 ಪೌಂಡ್ ಅಡಿ ಎಂದು ಮೂರು ಅಂಕಿಗಳು ಒಟ್ಟಿಗೆ ಇರುತ್ತವೆ, ಮೂರೂ ಒಂದೇ ಬಿಗಿಯನ್ನು ಹೇಳುತ್ತವೆ. ನಮ್ಮ ಟಾರ್ಕ್ ರೆಂಚಿನ ಮೇಲೆ ಸಾಮಾನ್ಯವಾಗಿ ಎರಡು ಮಾಪುಗಳು ಇರುತ್ತವೆ. 103ನ್ನು ಪೌಂಡ್ ಅಡಿಯ ಮಾಪಿನಲ್ಲಿ ಇಟ್ಟರೆ ನಟ್ಟಿನ ಮೇಲೆ ಸುಮಾರು 140 ನ್ಯೂಟನ್ ಮೀಟರ್ ಬಿಗಿ ಬೀಳುತ್ತದೆ, 76ನ್ನು ನ್ಯೂಟನ್ ಮೀಟರಿನ ಮಾಪಿನಲ್ಲಿ ಇಟ್ಟರೆ ಮುಕ್ಕಾಲು ಬಿಗಿಯಷ್ಟೇ ಬೀಳುತ್ತದೆ. ಹೆಡ್ ಬೋಲ್ಟಿನಂಥ ಕಡೆ ಇಷ್ಟು ನ್ಯೂಟನ್ ಮೀಟರ್, ಆಮೇಲೆ 90 ಡಿಗ್ರಿ, ಮತ್ತೆ 90 ಡಿಗ್ರಿ ಎಂದು ಬರೆದಿದ್ದರೆ ಅಂಥ ಬೋಲ್ಟುಗಳು ಹಿಗ್ಗುವಂತೆ ಬಿಗಿಯುವಂಥವು. ಅವುಗಳನ್ನು ಮತ್ತೆ ಹಾಕಬಹುದೇ, ಹಾಕುವುದಾದರೆ ಎಷ್ಟು ಉದ್ದದವರೆಗೆ ಎಂಬುದನ್ನು ಅದೇ ಪುಟದಲ್ಲಿ ಹುಡುಕಿ ಪಾಲಿಸಬೇಕು. ಟೊಯೊಟಾ ಚಿತ್ರಗಳಲ್ಲಿ ಕಪ್ಪು ಚುಕ್ಕೆ ಇಟ್ಟ ಭಾಗವನ್ನು ಎರಡನೇ ಬಾರಿ ಬಳಸುವಂತಿಲ್ಲ. ಆ ಚುಕ್ಕೆಗಳನ್ನು ಎಣಿಸಿಕೊಂಡು ಬಿಡಿಭಾಗಗಳ ಪಟ್ಟಿಯನ್ನು ಕೆಲಸ ಹಿಡಿಯುವ ಮೊದಲೇ ಮಾಡಿ, ಇಲ್ಲದಿದ್ದರೆ ಒಂದು ಸಣ್ಣ ವಾಷರಿಗಾಗಿ ಗಾಡಿ ಎರಡು ದಿನ ಲಿಫ್ಟಿನ ಮೇಲೆ ನಿಲ್ಲುತ್ತದೆ.

ಏರ್‌ಬ್ಯಾಗ್ ಮತ್ತು ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಗಳ ಪುಟಗಳಲ್ಲಿ ಎಚ್ಚರಿಕೆಯ ಭಾಗವನ್ನು ಪೂರ್ತಿ ಓದದೆ ಪಾನಾ ಮುಟ್ಟಬಾರದು. ಏರ್‌ಬ್ಯಾಗಿನ ಕೆಲಸಕ್ಕೆ ಬ್ಯಾಟರಿಯ ನೆಗೆಟಿವ್ ಬಿಚ್ಚಿದ ಮೇಲೆ ಕನಿಷ್ಠ 90 ಸೆಕೆಂಡು ಕಾಯಬೇಕೆಂದು ಟೊಯೊಟಾ ಪುಸ್ತಕಗಳು ಹೇಳುತ್ತವೆ, ಅದರ ಹೈಬ್ರಿಡ್ ಗಾಡಿಗಳಲ್ಲಿ ದೊಡ್ಡ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದ ಮೇಲೆ 10 ನಿಮಿಷ ಕಾಯಬೇಕು. ಬೇರೆ ಕಂಪನಿಗಳ ಅವಧಿ ಬೇರೆ ಇರುತ್ತದೆ. ಒಳಗಿನ ಕೆಪಾಸಿಟರುಗಳಲ್ಲಿ ಉಳಿದ ಕರೆಂಟು ಇಳಿಯಲು ಆ ಹೊತ್ತು ಬೇಕು. ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್ಲಿನ ಕೆಲಸಕ್ಕೆ ತರಬೇತಿಯಾಗಲಿ ರಬ್ಬರ್ ಕೈಗವಸುಗಳಾಗಲಿ ಇಲ್ಲದಿದ್ದರೆ, ಪುಟ ಕೈಯಲ್ಲಿದ್ದರೂ ಆ ಕೆಲಸವನ್ನು ಬಿಟ್ಟುಬಿಡಿ ಎಂದು ನಾನು ಕೈಮುಗಿದು ಹೇಳುತ್ತೇನೆ.

ಜಾಲತಾಣದಿಂದ ಎಲ್ಲವೂ ಸಿಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಹೊಸ ಚಾವಿಯ ಪ್ರೋಗ್ರಾಮಿಂಗ್, ಸರಿಯಾದ ಚಾವಿಯಿಲ್ಲದೆ ಗಾಡಿ ಚಾಲೂ ಆಗದಂತೆ ತಡೆಯುವ ಇಮೊಬಿಲೈಸರಿನ ಕೋಡು ಇಂಥವುಗಳನ್ನು ಕಳ್ಳತನದ ಭಯದಿಂದ ಪ್ರತ್ಯೇಕ ಗುರುತಿನ ಪರಿಶೀಲನೆಯಾದವರಿಗೆ ಮಾತ್ರ ಕೊಡುತ್ತಾರೆ, ಅದು ಸರಿಯಾದ ವ್ಯವಸ್ಥೆಯೇ. ಅಂಥ ಕೆಲಸ ಬಂದಾಗ ಗಿರಾಕಿಗೆ ಮೊದಲ ದಿನವೇ ಹೇಳಿ ಡೀಲರಿನ ಕಡೆ ಕಳಿಸಿ. ಇಸಿಎಂಗೆ ಹೊಸ ಸಾಫ್ಟ್‌ವೇರ್ ಹಾಕುವುದಕ್ಕೂ ಜಾಲತಾಣದ ಜೊತೆ ಬೇರೆ ಸಾಧನ, ಸ್ಥಿರವಾದ ಬ್ಯಾಟರಿ ಚಾರ್ಜರ್ ಬೇಕು. ನಡುವೆ ವೋಲ್ಟೇಜ್ ಇಳಿದರೆ ಇಸಿಎಂ ಕೆಲಸಕ್ಕೆ ಬಾರದಂತಾಗಬಹುದು.

ತೆಗೆದ ಪುಟಗಳನ್ನು ಜಾಲತಾಣ ಅನುಮತಿಸಿದ ರೀತಿಯಲ್ಲಿ ಪಿಡಿಎಫ್ ಆಗಿ ಉಳಿಸಿಕೊಳ್ಳಿ. ಫೈಲಿನ ಹೆಸರಿನಲ್ಲಿ ಚಾಸಿ ನಂಬರಿನ ಕೊನೆಯ ಆರು ಅಕ್ಷರ, ವಿಷಯ, ತಾರೀಖು ಇರಲಿ. ಕಂಪನಿಗಳು ಪುಟಗಳನ್ನು ತಿದ್ದುತ್ತಿರುತ್ತವೆ, ಮೂರು ವರ್ಷದ ಹಿಂದಿನ ಪುಟದ ಟಾರ್ಕ್ ಇಂದು ಬದಲಾಗಿರಬಹುದು, ಆದ್ದರಿಂದ ತಾರೀಖು ಬಹಳ ಮುಖ್ಯ. ಕೆಲಸದ ಹೊತ್ತಿಗೆ ಬೇಕಾದ ಒಂದೆರಡು ಪುಟವನ್ನು ಮುದ್ರಿಸಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಬಾನೆಟ್ಟಿನ ಒಳಬದಿಗೆ ಅಂಟಿಸಿ ಕೊಟ್ಟರೆ ಗ್ರೀಸ್ ಕೈಯ ಹುಡುಗರೂ ನೋಡಿಕೊಂಡು ಕೆಲಸ ಮಾಡುತ್ತಾರೆ. ಇಂಗ್ಲಿಷ್ ಓದಲು ಕಷ್ಟಪಡುವ ಹುಡುಗನಿಗೆ ನಾನು ಆ ಪುಟದ ಅಂಚಿನಲ್ಲಿ ಹಂತಗಳನ್ನು ಕನ್ನಡದಲ್ಲಿ ಪೆನ್ಸಿಲಿನಿಂದ ಬರೆದುಕೊಡುತ್ತೇನೆ. ಎರಡು ಮೂರು ಗಾಡಿಗಳಾದ ಮೇಲೆ ಅವನೇ ಮೊದಲು ಪುಟ ಕೇಳಲು ಬರುತ್ತಾನೆ. ಆದರೆ ಆ ಪುಟಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕಬೇಡಿ. ಅವು ಕಂಪನಿಯ ಹಕ್ಕಿನವು, ಚಂದಾದ ಷರತ್ತು ನಮ್ಮ ಸ್ವಂತ ಕೆಲಸಕ್ಕೆ ಮಾತ್ರ ಅನುಮತಿ ಕೊಟ್ಟಿರುತ್ತದೆ. ಮೇಲಾಗಿ, ಅಲ್ಲಿ ಸುತ್ತಾಡುವ ನಕ್ಷೆಯನ್ನು ಯಾರೋ ಬೇರೆ ವರ್ಷದ ಗಾಡಿಗೆ ಹಚ್ಚಿ ನೋಡುತ್ತಾರೆ.

ಚಂದಾದ ಹಣವನ್ನು ಗಿರಾಕಿಯ ಬಿಲ್ಲಿನಲ್ಲಿ ‘ಕಂಪನಿ ತಾಂತ್ರಿಕ ಮಾಹಿತಿ’ ಎಂದು ಬೇರೆ ಸಾಲಿನಲ್ಲಿ ತೋರಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ. ಕೆಲಸ ಹಿಡಿಯುವ ಮೊದಲೇ ಕೇಳಿ ಒಪ್ಪಿಗೆ ಪಡೆದಿದ್ದರೆ ಯಾರೂ ತಕರಾರು ಮಾಡಿದ್ದಿಲ್ಲ. ಜಾಬ್ ಕಾರ್ಡಿನಲ್ಲಿ ನೋಡಿದ ಪುಟದ ಹೆಸರು, ತೆಗೆದ ತಾರೀಖು, ಅಳತೆಗಳು, ಅಂದರೆ ಮೊದಲು ಬಂದ 120 ಮತ್ತು ಆಮೇಲೆ ಬಂದ 60, ಇವನ್ನು ಬರೆದು ಗಿರಾಕಿಗೂ ಒಂದು ಪ್ರತಿ ಕೊಡುತ್ತೇನೆ. ಗದಗಿನ ಆ ಗಾಡಿ ಮುಂದಿನ ಸರ್ವಿಸಿಗೆ ಬಂದಾಗ ಮಾಲೀಕರು ಅದೇ ಕಾರ್ಡನ್ನು ಡ್ಯಾಶ್‌ಬೋರ್ಡಿನ ಡಬ್ಬಿಯಿಂದ ತೆಗೆದುಕೊಟ್ಟರು, ನಾವು ಓಬಿಡಿ ಸಾಕೆಟ್ಟಿಗೆ ಮೀಟರ್ ಹಚ್ಚಿ ಅದರ ಕೆಳಗಿನ ಸಾಲಿನಲ್ಲಿ ಅಂದಿನ ತಾರೀಖಿನ ಜೊತೆ 60 ಎಂದು ಮತ್ತೊಮ್ಮೆ ಬರೆದೆವು.